ಯಾರ ಅಪ್ಪಣೆಯೂ ಬೇಡದ ಬರಹ

ಮಾರ್ಚ್ ತಿಂಗಳ ಒಂದು ಸಂಜೆ. ಶಿರಸಿಯ ನೆಂಟರು ಬಸ್ಸಿಗೆ ಹಾಕಿ ಕಳಿಸಿದ ಅಪ್ಪೆಮಿಡಿ ಬೆಂಗಳೂರಿನ ಫ್ಲಾಟೊಂದರ ಅಡುಗೆಕಟ್ಟೆಯ ಮೇಲೆ ಬಂದು ಕೂತಿದೆ. ಉಪ್ಪಿಗೆ ಹಾಕುವ ಕ್ರಮ ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ, ಹೇಳಿಕೊಡುತ್ತಿದ್ದ ಅಜ್ಜಿ ಈಗಿಲ್ಲ. ಮೊಬೈಲ್ ಕೈಗೆ ಬರುತ್ತದೆ. ಹುಡುಕಿದರೆ ಮೊದಲು ಕಾಣುವುದು ಉಪ್ಪಿನಕಾಯಿ ಮಾರುವ ಅಂಗಡಿಗಳು. ಆಮೇಲೆ ಉದ್ದುದ್ದ ವಿಡಿಯೊಗಳು, ಮಿಡಿ ಕಣ್ಣಿಗೆ ಬೀಳುವ ಮೊದಲೇ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಎಂಬ ಒತ್ತಾಯ.

ಇನ್ನೂ ಕೆಳಕ್ಕೆ ಸರಿದರೆ ಹಳೇ ಕಾಲದ ವಿನ್ಯಾಸದ ಒಂದು ಪುಟ ಸಿಗುತ್ತದೆ. ಮಾಸಿದ ಹಸಿರು ಹಿನ್ನೆಲೆ, ಪಕ್ಕದಲ್ಲಿ ಬರೆದವರ ಬಗ್ಗೆ ನಾಲ್ಕು ಸಾಲು, ದಿನಾಂಕ ನೋಡಿದರೆ ಹದಿನೈದು ವರ್ಷ ಹಿಂದಿನದು. ತೊಟ್ಟು ಬುಡಕ್ಕೆ ಮುರಿಯಬೇಡಿ, ಸೊನೆ ಹೋದರೆ ಪರಿಮಳವೂ ಹೋಯಿತು ಎಂದು ಶುರುವಾಗುತ್ತದೆ. ಪುಡಿ ಉಪ್ಪು ಬೇಡ, ಹರಳುಪ್ಪೇ ಆಗಬೇಕು. ಮಿಡಿ ಚಿರುಟುವವರೆಗೆ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಡಿ. ನಡುವೆ ಅತ್ತೆಯ ಮೇಲೊಂದು ಸಣ್ಣ ದೂರು, ಆ ವರ್ಷ ಮಾವು ಹೂ ಬಿಟ್ಟಾಗ ಬಂದ ಅಕಾಲ ಮಳೆಯ ಸುದ್ದಿ. ಓದಿ ಮುಗಿಸುವಷ್ಟರಲ್ಲಿ ಉಪ್ಪಿನಕಾಯಿಯ ಕ್ರಮವೂ ಗೊತ್ತಾಗಿರುತ್ತದೆ, ಹೆಸರೂ ಗೊತ್ತಿಲ್ಲದ ಒಬ್ಬರ ಮನೆಯೂ ಅಷ್ಟಿಷ್ಟು ಪರಿಚಯವಾಗಿರುತ್ತದೆ.

ಇಂಥ ಪುಟಗಳನ್ನು ಬ್ಲಾಗ್ ಎನ್ನುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅದು ಫೇಸ್‌ಬುಕ್‌ಗಿಂತ ಹಿಂದಿನ ಕಾಲದ ಗೀಳು, ಈಗ ಯಾರೂ ಬರೆಯುವುದಿಲ್ಲ ಎಂಬ ನಂಬಿಕೆಯೂ ಅಷ್ಟೇ ಬಲವಾಗಿದೆ. ಎರಡನೆಯದು ನಿಜವಲ್ಲ. ಗದ್ದಲ ಕಡಿಮೆಯಾಗಿದೆ, ಬರಹ ನಿಂತಿಲ್ಲ.

ಒಬ್ಬರದೇ ವಿಳಾಸ

ಸ್ವಂತ ಬ್ಲಾಗ್ ಎಂದರೆ ಒಬ್ಬರೇ ಬರೆದು, ಒಬ್ಬರೇ ನಡೆಸುವ ಜಾಲತಾಣ. ಹೊಸ ಬರಹ ಮೇಲೆ, ಹಳೆಯದು ಕೆಳಗೆ. ಪ್ರತಿ ಬರಹಕ್ಕೂ ತನ್ನದೇ ಆದ ಕಾಯಂ ವಿಳಾಸ, ಜೊತೆಗೆ ತಾರೀಖು. ಒಳಗಿನ ತಾಂತ್ರಿಕ ಸಂಗತಿ ಇಷ್ಟೇ. ಬ್ಲಾಗರ್, ವರ್ಡ್‌ಪ್ರೆಸ್‌ನಂಥ ಕಡೆ ಕಾಸಿಲ್ಲದೆ ತೆರೆಯಬಹುದು. ಸ್ವಂತ ಹೆಸರಿನ ವಿಳಾಸವೇ ಬೇಕೆಂದರೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಡೊಮೈನ್ ಸಿಗುತ್ತದೆ.

ಫೇಸ್‌ಬುಕ್ಕಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಅಲ್ಲಿ ನೀವು ಬರೆದದ್ದನ್ನು ಯಾರಿಗೆ ತೋರಿಸಬೇಕು, ಎಷ್ಟು ಹೊತ್ತು ತೋರಿಸಬೇಕು ಎಂದು ಕಂಪನಿಯ ಲೆಕ್ಕಾಚಾರ ತೀರ್ಮಾನಿಸುತ್ತದೆ. ಹೋದ ವರ್ಷ ನೀವೇ ಬರೆದ ಪೋಸ್ಟನ್ನು ಈಗ ಹುಡುಕಿ ನೋಡಿ, ಬೆವರು ಬರುತ್ತದೆ. ಬ್ಲಾಗಿನಲ್ಲಿ 2008ರ ಜೂನ್ ತಿಂಗಳ ಮೇಲೆ ಒತ್ತಿದರೆ ಆ ತಿಂಗಳು ಬರೆದದ್ದಷ್ಟೂ ಎದುರಿಗೆ ಬರುತ್ತದೆ. ಓದುಗರು ಹತ್ತೇ ಜನ ಇರಬಹುದು, ಆದರೆ ಆ ಹತ್ತೂ ಜನ ತಾವಾಗಿ ಬಂದವರು.

ಇದರ ಮೂಲಪುರುಷ ಯಾರೆಂಬುದಕ್ಕೆ ಒಂದೇ ಉತ್ತರವಿಲ್ಲ. ಹೆಚ್ಚಾಗಿ ಕೇಳಿಬರುವ ಹೆಸರು ಜಸ್ಟಿನ್ ಹಾಲ್. 1994ರಲ್ಲಿ ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಆತ ತನ್ನ ಬದುಕನ್ನು, ಮನೆಯ ದುಃಖಗಳನ್ನೂ ಸೇರಿಸಿ, ಜಾಲದಲ್ಲಿ ಬರೆಯತೊಡಗಿದ. ಬ್ಲಾಗ್ ಎಂಬ ಹೆಸರು ರೂಢಿಗೆ ಬಂದದ್ದು 1999ರ ವೇಳೆಗೆ. ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೊದ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ ಬ್ಲಾಗರ್ ಎಂಬ ಸೌಲಭ್ಯ ಹೊರತಂದಿತು. ಅಲ್ಲಿಯವರೆಗೆ ಪುಟ ಕಟ್ಟಲು ಎಚ್‌ಟಿಎಂಎಲ್ ತಿಳಿದಿರಬೇಕಿತ್ತು. ಈಗ ಪೆಟ್ಟಿಗೆಯೊಳಗೆ ಟೈಪ್ ಮಾಡಿ ಗುಂಡಿ ಒತ್ತಿದರೆ ಪ್ರಕಟ. 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ವರ್ಡ್‌ಪ್ರೆಸ್ ಬಂದದ್ದೂ ಅದೇ ವರ್ಷ.

ನ ಕಾರದ ಜಾಗದಲ್ಲಿ ಪೌಂಡು

ಒಬ್ಬರೇ ಬರೆದು, ಒಬ್ಬರೇ ಸಂಪಾದಿಸಿ, ಕೈಯಿಂದ ಹಣ ಹಾಕಿ ಹಂಚುವ ಚಟ ಕನ್ನಡಕ್ಕೆ ಹೊಸದೇನಲ್ಲ. ನಂಜನಗೂಡಿನ ತಿರುಮಲಾಂಬಾ 20ನೇ ಶತಮಾನದ ಆರಂಭದಲ್ಲೇ ‘ಸತೀಹಿತೈಷಿಣಿ’ ಗ್ರಂಥಮಾಲೆ, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಬರೆಯುವುದು, ಅಚ್ಚು ಹಾಕಿಸುವುದು, ಚಂದಾದಾರರಿಗೆ ಕಳಿಸುವುದು, ಎಲ್ಲದರ ಹೊಣೆಯೂ ಅವರದೇ. ವೃತ್ತಿಯಿಂದ ವೈದ್ಯರಾಗಿದ್ದ ರಾಶಿ 1942ರಿಂದ 1967ರವರೆಗೆ, 25 ವರ್ಷ, ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ನಡೆಸಿ ನಕ್ಕು ನಗಿಸಿದರು. ಲಂಕೇಶರು 1980ರಲ್ಲಿ ಜಾಹೀರಾತೇ ಇಲ್ಲದ ಪತ್ರಿಕೆ ಶುರುಮಾಡಿದಾಗ ಅದರ ಪ್ರತಿ ಪುಟದಲ್ಲೂ ಅವರ ಗುಂಗು ಇತ್ತು. ಇವರೆಲ್ಲರಿಗೂ ಒಂದು ಕಷ್ಟ ಸಮಾನವಾಗಿತ್ತು: ಕಾಗದದ ಬಿಲ್ಲು, ಪ್ರೆಸ್ಸಿನ ಬಾಕಿ. ಬ್ಲಾಗ್ ಬಂದು ಆ ಖರ್ಚನ್ನು ತೆಗೆದುಹಾಕಿತು.

ಆದರೆ ಇಂಗ್ಲಿಷಿಗೆ ಸುಲಭವಾದದ್ದು ಕನ್ನಡಕ್ಕೆ ತಕ್ಷಣ ದಕ್ಕಲಿಲ್ಲ. ಡಾ. ಯು.ಬಿ. ಪವನಜ 1996ರಲ್ಲೇ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದ್ದರು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ‘ಬರಹ’ ತಂತ್ರಾಂಶ ತಂದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ಕಂಪ್ಯೂಟರಿನಲ್ಲಿ ಕನ್ನಡ ಮೂಡುತ್ತಿತ್ತು. ತೊಂದರೆ ಇದ್ದದ್ದು ಅದು ಇನ್ನೊಬ್ಬರ ಕಂಪ್ಯೂಟರಿಗೆ ಹೋದಾಗ.

ಆಗಿನ ಅಕ್ಷರಶೈಲಿಗಳು ಒಳಗೆ ರೋಮನ್ ಅಕ್ಷರ, ಚಿಹ್ನೆಗಳ ಜಾಗವನ್ನೇ ಎರವಲು ಪಡೆದು ಹೊರಗೆ ಕನ್ನಡದ ರೂಪ ತೋರಿಸುತ್ತಿದ್ದವು. ಅದೇ ಫಾಂಟು ಓದುವವರ ಬಳಿ ಇಲ್ಲದಿದ್ದರೆ ಮುಗಿಯಿತು. ‘ಕನ್ನಡ’ ಎಂದು ಬರೆದು ಕಳಿಸಿದರೆ ಆ ಕಡೆ ರೋಮನ್ ‘ಪಿ’ಯೊಂದು, ತಲೆಯ ಮೇಲೆ ಸೊಟ್ಟ ಗೆರೆ ಹೊತ್ತ ‘ಎ’ಗಳು, ನ ಕಾರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಗುರುತು ಕಾಣುತ್ತಿತ್ತು. ಪತ್ರಿಕೆಗಳ ಜಾಲತಾಣಗಳು ಕೂಡ ‘ಮೊದಲು ಈ ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ಹಾಕಿಕೊಂಡು ಕೂತಿದ್ದ ಕಾಲ ಅದು. ಹೀಗೆ ಬರೆದದ್ದನ್ನು ಹುಡುಕುಯಂತ್ರ ಕನ್ನಡವೆಂದು ಗುರುತಿಸುತ್ತಲೂ ಇರಲಿಲ್ಲ.

ಬಿಡುಗಡೆ ಬಂದದ್ದು ಯೂನಿಕೋಡ್‌ನಿಂದ. ಪ್ರಪಂಚದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಕಾಯಂ ಸಂಖ್ಯೆ ಕೊಡುವ ಈ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ 128 ಮನೆಗಳಿದ್ದವು. ಜನಸಾಮಾನ್ಯರ ಕಂಪ್ಯೂಟರಿಗೆ ಅದು ಇಳಿದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟ್ ಹೊತ್ತು ಬಂದಾಗ. ಆಗಲೂ ಒತ್ತಕ್ಷರದ ಜಾಗದಲ್ಲಿ ಚುಕ್ಕಿಗಳ ಸೊನ್ನೆ ಕಾಣಿಸಿಕೊಳ್ಳುವುದು, ಹಳೇ ಯಂತ್ರಗಳಲ್ಲಿ ಅಕ್ಷರವೆಲ್ಲ ಡಬ್ಬಿ ಡಬ್ಬಿಯಾಗುವುದು ಇದ್ದೇ ಇತ್ತು. ಆದರೂ ಮೈಸೂರಿನಲ್ಲಿ ಬರೆದದ್ದನ್ನು ಮಸ್ಕತ್ತಿನಲ್ಲಿ ಏನನ್ನೂ ಇಳಿಸಿಕೊಳ್ಳದೆ ಓದಬಹುದಾಯಿತು.

2005ರಿಂದ 2010ರವರೆಗಿನ ಕನ್ನಡ ಬ್ಲಾಗುಗಳ ಸುಗ್ಗಿಗೆ ಇದೇ ಕಾರಣ. ಬರೆದವರಲ್ಲಿ ಸಾಫ್ಟ್‌ವೇರ್ ಕಚೇರಿಗಳ ಹುಡುಗ ಹುಡುಗಿಯರು ಬಹಳ. ವೇಗದ ಇಂಟರ್ನೆಟ್ ಇದ್ದದ್ದು ಅವರ ಬಳಿಯೇ. ಊರಿನಿಂದ ದೂರವಾದ ಹಳಹಳಿಯೂ ಜೊತೆಗಿತ್ತು. ಕನ್ನಡ ಎಂ.ಎ. ಮಾಡದವರು, ಯಾವ ಪತ್ರಿಕೆಯ ಪರಿಚಯವೂ ಇಲ್ಲದವರು ಮಲೆನಾಡಿನ ಮಳೆ, ಪೀಜಿಯ ಸಾರು, ಸಿಲ್ಕ್‌ಬೋರ್ಡ್ ಟ್ರಾಫಿಕ್ ಕುರಿತು ಬರೆದರು. ಅದರಲ್ಲಿ ಪ್ರಬಂಧವೆನ್ನಬಹುದಾದ್ದೂ ಇತ್ತು, ಬರೀ ಗೊಣಗಾಟವೂ ಇತ್ತು. ಸಂಪಾದಿತ ಪುಟಗಳಲ್ಲಿ ಜಾಗ ಸಿಗದ ಆಡುಮಾತು, ಹವ್ಯಕ ಕನ್ನಡ, ಕುಂದಗನ್ನಡ, ಧಾರವಾಡದ ಮಾತು ಅಲ್ಲಿ ನಿಸ್ಸಂಕೋಚವಾಗಿ ಬಂದವು. ಹೆಸರಾಂತ ಕತೆಗಾರರೂ ಈ ಕಡೆ ತಿರುಗಿದರು. ಅಬ್ದುಲ್ ರಶೀದರ ‘ಮೈಸೂರು ಪೋಸ್ಟ್’ ಅವುಗಳಲ್ಲೊಂದು.

ಪುಸ್ತಕದಂಗಡಿ ಮುಚ್ಚಿದ ಮೇಲೆ

ಬ್ಲಾಗುಗಳ ವೈವಿಧ್ಯ ಪಟ್ಟಿ ಹಾಕಿದರೆ ತಿಳಿಯುವಂಥದ್ದಲ್ಲ. ಒಂದೆರಡನ್ನು ಹತ್ತಿರದಿಂದ ನೋಡಬೇಕು.

ಮಂಗಳೂರಿನಲ್ಲಿ ಓದಿದವರಿಗೆ ಅತ್ರಿ ಬುಕ್ ಸೆಂಟರ್ ಗೊತ್ತಿರುತ್ತದೆ. ಜಿ.ಎನ್. ಅಶೋಕವರ್ಧನ 1975ರಲ್ಲಿ ತೆರೆದ ಅಂಗಡಿ ಅದು. 2012ರಲ್ಲಿ ಅವರು ಅದನ್ನು ತಾವಾಗಿಯೇ ಮುಚ್ಚಿದರು. ಅಂಗಡಿಯ ಹೆಸರು ಮಾತ್ರ ಅವರ ಜಾಲತಾಣದಲ್ಲಿ ಮುಂದುವರಿಯಿತು. ಅಲ್ಲಿ ಪಶ್ಚಿಮಘಟ್ಟದ ಶಿಖರಗಳನ್ನು ಹತ್ತಿದ್ದು, ಗುಹೆಗಳಿಗೆ ನುಗ್ಗಿದ್ದು, ಬೈಕಿನಲ್ಲಿ ದೇಶ ಸುತ್ತಿದ್ದು, ಯಕ್ಷಗಾನದ ಆಟ ನೋಡಿ ಬಂದದ್ದು, ಸೈಕಲ್ಲೇರಿ ಊರಿನ ಸುತ್ತಮುತ್ತ ತಿರುಗಿದ್ದು, ಎಲ್ಲ ಇದೆ. ಪುಸ್ತಕ ವ್ಯಾಪಾರದ ಒಳಹೂರಣವೂ ಇದೆ. ತಂದೆ, ವಿಜ್ಞಾನ ಲೇಖಕ ಜಿ.ಟಿ. ನಾರಾಯಣ ರಾಯರ ಬರಹಗಳನ್ನೂ ಅಲ್ಲಿ ಹಾಕಿದ್ದಾರೆ. ಮುದ್ರಿತ ಪುಸ್ತಕ ಪ್ರಕಟಿಸುತ್ತಿದ್ದವರು ಆ ಕೆಲಸ ಬಿಟ್ಟು ಉಚಿತ ಇ-ಪುಸ್ತಕಗಳಿಗೆ ಹೊರಳಿದರು.

ಯಾವ ವಾರಪತ್ರಿಕೆ ತಾನೆ ಒಬ್ಬನೇ ಮನುಷ್ಯನಿಗೆ ಗುಹೆ, ಯಕ್ಷಗಾನ, ಸೈಕಲ್ಲು, ಪುಸ್ತಕ ವ್ಯಾಪಾರ ನಾಲ್ಕಕ್ಕೂ ಜಾಗ ಕೊಟ್ಟೀತು? ಅಂಕಣಕಾರನಿಗೆ ಒಂದು ವಿಷಯ, ಇಷ್ಟು ಪದ ಎಂಬ ಲೆಕ್ಕವಿರುತ್ತದೆ. ಬ್ಲಾಗಿನಲ್ಲಿ ವಿಷಯಗಳನ್ನು ಹಿಡಿದು ನಿಲ್ಲಿಸಿರುವುದು ಬರೆಯುವವರ ಸ್ವಭಾವ ಮಾತ್ರ. ಅಲ್ಲಿನ ರುಚಿ ಇರುವುದೇ ಅದರಲ್ಲಿ ಎಂದು ನನ್ನ ಎಣಿಕೆ. ಒಂದು ಬರಹ ಓದಿದರೆ ಮಾಹಿತಿ ಸಿಗುತ್ತದೆ. ಐದು ವರ್ಷದ್ದನ್ನು ಓದಿದರೆ ಒಬ್ಬ ಮನುಷ್ಯ, ಅವರ ಹಟ, ಪೂರ್ವಗ್ರಹ, ಮಂಡಿನೋವು ಸಮೇತ ಸಿಗುತ್ತಾರೆ.

ಇನ್ನೊಂದು ತುದಿಯ ಉದಾಹರಣೆ ಸ್ಕಾಟ್‌ಲೆಂಡಿನದು. 2012ರಲ್ಲಿ ಮಾರ್ಥಾ ಪೇನ್ ಎಂಬ ಒಂಬತ್ತು ವರ್ಷದ ಹುಡುಗಿ ತನ್ನ ಶಾಲೆಯ ಮಧ್ಯಾಹ್ನದ ಊಟದ ಫೋಟೊ ತೆಗೆದು ‘ನೆವರ್ ಸೆಕೆಂಡ್ಸ್’ ಎಂಬ ಬ್ಲಾಗಿಗೆ ಹಾಕತೊಡಗಿದಳು. ಪ್ರತಿ ಊಟಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ, ಎಷ್ಟು ತುತ್ತಿಗೆ ಮುಗಿಯಿತು ಎಂಬ ಎಣಿಕೆ, ಕೊನೆಗೆ ತಟ್ಟೆಯಲ್ಲಿ ಸಿಕ್ಕ ಕೂದಲಿನ ಸಂಖ್ಯೆ! ಒಂದು ದಿನದ ಚಿತ್ರದಲ್ಲಿ ಒಂದು ತುಂಡು ಪಿಜ್ಜಾ, ಒಂದೇ ಒಂದು ಆಲೂಗಡ್ಡೆ ಕ್ರೊಕೆಟ್, ಒಂದಷ್ಟು ಮೆಕ್ಕೆಜೋಳದ ಕಾಳು. ಲಕ್ಷಾಂತರ ಜನ ನೋಡಿದರು. ಮುಜುಗರಕ್ಕೊಳಗಾದ ಸ್ಥಳೀಯ ಆಡಳಿತ ಜೂನ್‌ನಲ್ಲಿ ಫೋಟೊ ತೆಗೆಯುವುದನ್ನೇ ನಿಷೇಧಿಸಿತು. ಗಲಾಟೆ ಎದ್ದು, ನಿಷೇಧ ಮರುದಿನಕ್ಕೇ ರದ್ದಾಯಿತು. ಆ ಹುಡುಗಿ ಬಡ ದೇಶಗಳ ಶಾಲಾಮಕ್ಕಳ ಊಟಕ್ಕಾಗಿ ಎತ್ತುತ್ತಿದ್ದ ಹಣ ಕೆಲವೇ ದಿನಗಳಲ್ಲಿ ಒಂದು ಲಕ್ಷ ಪೌಂಡ್ ದಾಟಿತು, ಆಫ್ರಿಕಾದ ಮಲಾವಿಯಲ್ಲಿ ಒಂದು ಶಾಲೆಗೆ ಅಡುಗೆಮನೆ ಬಂತು. ಅಷ್ಟೂ ಹೊರಟದ್ದು ಒಂದು ತಟ್ಟೆಯ ಫೋಟೊದಿಂದ.

ವಯಸ್ಸಿನ ಆ ಕೊನೆಗೂ ಹೋಗಬಹುದು. ನೊಬೆಲ್ ಪಡೆದ ಪೋರ್ಚುಗೀಸ್ ಕಾದಂಬರಿಕಾರ ಜೋಸೆ ಸರಮಾಗೊ 2008ರಲ್ಲಿ, 85ನೇ ವಯಸ್ಸಿನಲ್ಲಿ ಬ್ಲಾಗ್ ಶುರುಮಾಡಿದರು. ಅದನ್ನು ಓದಿ ಆಸೆಪಟ್ಟ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 2010ರಲ್ಲಿ, 81ರ ವಯಸ್ಸಿಗೆ ತಮ್ಮದೊಂದು ತೆರೆದರು. ಮುಪ್ಪು, ರಾಜಕೀಯ, ಓದುಗರ ಪತ್ರ, ಬೆಳಗಿನ ಮೊಟ್ಟೆ ತಿನ್ನುವ ಸರಿಯಾದ ಕ್ರಮ ಎಲ್ಲವನ್ನೂ ಬರೆದರು. ಮತ್ತೆ ಮತ್ತೆ ಬರೆದದ್ದು ಪಾರ್ಡ್ ಎಂಬ ತಮ್ಮ ಬೆಕ್ಕಿನ ಬಗ್ಗೆ. ಕಾದಂಬರಿಯಲ್ಲಿ ಆ ಬೆಕ್ಕಿಗೆ ಜಾಗ ಸಿಗುತ್ತಿರಲಿಲ್ಲ.

ಗಣಿತಜ್ಞರ ಬ್ಲಾಗುಗಳದ್ದು ಬೇರೆಯೇ ಲೋಕ. 2009ರ ಜನವರಿಯಲ್ಲಿ ಕೇಂಬ್ರಿಜ್‌ನ ಟಿಮೊಥಿ ಗವರ್ಸ್ ತಮ್ಮ ಬ್ಲಾಗಿನಲ್ಲಿ ಒಂದು ಕಠಿಣ ಸಮಸ್ಯೆ ಮುಂದಿಟ್ಟು, ಎಲ್ಲರೂ ಸೇರಿ ಬಿಡಿಸಲು ಸಾಧ್ಯವೇ ಎಂದು ಕೇಳಿದರು. ಶಾಲಾ ಶಿಕ್ಷಕರಿಂದ ಹಿಡಿದು ಫೀಲ್ಡ್ಸ್ ಪದಕ ಪಡೆದ ಟೆರೆನ್ಸ್ ಟಾವೊವರೆಗೆ ಹತ್ತಾರು ಜನ ತಲೆ ಹಾಕಿದರು. ಸುಮಾರು ಏಳು ವಾರಗಳಲ್ಲಿ ಉತ್ತರ ಸಿಕ್ಕಿತು. ಪ್ರಬಂಧ ಪ್ರಕಟವಾದದ್ದು ‘ಡಿ.ಎಚ್.ಜೆ. ಪಾಲಿಮ್ಯಾತ್’ ಎಂಬ ಇಲ್ಲದ ವ್ಯಕ್ತಿಯ ಹೆಸರಿನಲ್ಲಿ. ತಪ್ಪು ಹೆಜ್ಜೆಗಳೂ ಸೇರಿ ಇಡೀ ಲೆಕ್ಕ ಬಹಿರಂಗವಾಗಿ ನಡೆದಿತ್ತು. ಸಂಶೋಧನಾ ಪತ್ರಿಕೆಗಳಲ್ಲಿ ನಮಗೆ ಕಾಣುವುದು ಸ್ವಚ್ಛ ಮಾಡಿದ ಕೊನೆಯ ಉತ್ತರ ಮಾತ್ರ.

ದುಡ್ಡಿಲ್ಲದ್ದೇ ಒಳ್ಳೆಯದಾಯಿತು

ಇಂಗ್ಲಿಷಿನಲ್ಲಿ ಬೇಳೆಸಾರಿನ ವಿಧಾನ ಹುಡುಕಿ ನೋಡಿ. ಬೇಳೆ ಬರುವ ಮೊದಲು ಬರೆದವರ ಬಾಲ್ಯ, ಮದುವೆ, ಇಟಲಿ ಪ್ರವಾಸ ಎಲ್ಲವನ್ನೂ ದಾಟಬೇಕು. ಅದು ವಾಚಾಳಿತನವಲ್ಲ, ಲೆಕ್ಕಾಚಾರ. ಪುಟ ಉದ್ದವಾದಷ್ಟೂ ಜಾಹೀರಾತಿಗೆ ಜಾಗ ಹೆಚ್ಚು. 2002ರಲ್ಲಿ ನ್ಯೂಯಾರ್ಕಿನ ಜೂಲಿ ಪೊವೆಲ್ ಒಂದು ವರ್ಷದಲ್ಲಿ ಅಡುಗೆ ಪುಸ್ತಕಗಳ ಲೇಖಕಿ ಜೂಲಿಯಾ ಚೈಲ್ಡ್‌ರ 524 ಪಾಕಗಳನ್ನು ಮಾಡಿ ಬರೆಯುತ್ತೇನೆಂದು ಕೂತಾಗ ಹಾಗಿರಲಿಲ್ಲ. ಗುಮಾಸ್ತೆ ಕೆಲಸದ ಬೇಸರ ಕಳೆಯಲು ಬರೆದದ್ದು ಅದು. ಆ ಬ್ಲಾಗ್ ಪುಸ್ತಕವಾಗಿ, 2009ರಲ್ಲಿ ಮೆರಿಲ್ ಸ್ಟ್ರೀಪ್ ನಟಿಸಿದ ಸಿನಿಮಾವೂ ಆದ ಮೇಲೆ, ಬ್ಲಾಗಿನಲ್ಲಿ ಭವಿಷ್ಯವಿದೆ ಎಂದು ಎಲ್ಲರಿಗೂ ಅನ್ನಿಸತೊಡಗಿತು.

ಕನ್ನಡಕ್ಕೆ ಆ ಆಸೆಯ ಗಾಳಿ ಸೋಕಲೇ ಇಲ್ಲ. ಗೂಗಲ್ ತನ್ನ ಜಾಹೀರಾತುಗಳನ್ನು ಹಿಂದಿ ಪುಟಗಳಿಗೆ ಕೊಡಲು ಶುರುಮಾಡಿದ್ದೇ 2014ರ ಕೊನೆಗೆ. ಕನ್ನಡದ ಸರದಿ ಬಂದದ್ದು ಅದಕ್ಕೂ ಎಷ್ಟೋ ತಡವಾಗಿ, ಸುಗ್ಗಿ ಮುಗಿದ ಮೇಲೆ. ಹಾಗಾಗಿ ಆ ಐದಾರು ವರ್ಷಗಳ ಕನ್ನಡ ಬ್ಲಾಗುಗಳಲ್ಲಿ ದುಡ್ಡಿಗಾಗಿ ಬರೆದವರು ಇಲ್ಲವೆನ್ನುವಷ್ಟು ಕಡಿಮೆ. ಬರೆಯಲೇಬೇಕು ಅನ್ನಿಸಿದವರು ಬರೆದರು, ಸಾಕಾದವರು ನಿಲ್ಲಿಸಿದರು. ಈಗ ತಿರುಗಿ ನೋಡಿದರೆ ಅದು ನಷ್ಟ ಎನ್ನಿಸುವುದಿಲ್ಲ.

ಹಾಗೆಂದು ಅಲ್ಲಿದ್ದದ್ದೆಲ್ಲ ಚಿನ್ನ ಎನ್ನುವ ಹಾಗೂ ಇಲ್ಲ. ಸಂಪಾದಕರಿಲ್ಲ ಎಂದಮೇಲೆ ಕೈಹಿಡಿದು ತಡೆಯುವವರೂ ಇಲ್ಲ. ಅಕಾರ ಹಕಾರದ ಅದಲು ಬದಲು, ಆರು ಸಾಲಿನ ಸಂಗತಿಗೆ ಅರವತ್ತು ಸಾಲು, ಎಲ್ಲೋ ಕೇಳಿದ ಇತಿಹಾಸವನ್ನು ಎದೆ ತಟ್ಟಿ ಹೇಳುವುದು, ಇವುಗಳಿಗೇನೂ ಕೊರತೆಯಿರಲಿಲ್ಲ. ಹೂ, ಚಂದ್ರ, ‘ನೀನು’ ತುಂಬಿದ ಕವಿತೆಗಳ ಲೆಕ್ಕ ಇಟ್ಟವರಿಲ್ಲ. ಮನೆಮದ್ದಿನ ಬ್ಲಾಗುಗಳಲ್ಲಿ ಅಪಾಯಕಾರಿ ಸಲಹೆಗಳೂ ಇದ್ದವು, ಇಂದಿಗೂ ಇವೆ. ಓದುವವರು ತಮ್ಮ ವಿವೇಕ ತಾವೇ ಹೊತ್ತು ಹೋಗಬೇಕಾದ ಜಾಗ ಅದು.

ಕಳ್ಳತನದ ಬಾಧೆಯೂ ಇತ್ತು. ಬ್ಲಾಗಿನಲ್ಲಿ ರಾತ್ರಿ ಕೂತು ಬರೆದದ್ದು ಬೆಳಿಗ್ಗೆ ಇಮೇಲಿನಲ್ಲಿ, ಆಮೇಲಿನ ದಿನಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ, ಹೆಸರು ಕಳಚಿಕೊಂಡು ಊರೆಲ್ಲ ಸುತ್ತುತ್ತಿತ್ತು. ಬರೆದವರಿಗೇ ಅದು ತಿರುಗಿ ಬರುತ್ತಿತ್ತು, ಕೆಳಗೆ ‘ಕೃಪೆ: ವಾಟ್ಸ್ಆ್ಯಪ್’ ಎಂಬ ಶಿಷ್ಟಾಚಾರ ಬೇರೆ.

ಸರ್ಕಾರದ ಕಣ್ಣು

ಅಪ್ಪಣೆ ಕೇಳದೆ ಬರೆಯುವವರ ಮೇಲೆ ಆಳುವವರ ಕಣ್ಣು ಬೀಳದೆ ಇರುವುದಿಲ್ಲ. 2003ರಲ್ಲಿ ಇರಾಕ್ ಮೇಲೆ ಬಾಂಬು ಬೀಳುವಾಗ ಬಾಗ್ದಾದಿನ ಯುವಕನೊಬ್ಬ ‘ಸಲಾಂ ಪ್ಯಾಕ್ಸ್’ ಎಂಬ ಗುಪ್ತನಾಮದಲ್ಲಿ ಅಲ್ಲಿನ ದಿನಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ಇಮೇಲಿಗೆ ಬೇಗ ಉತ್ತರ ಕೊಡದ ಗೆಳೆಯ ರಾಯಿದ್‌ನನ್ನು ಛೇಡಿಸಿ ಬ್ಲಾಗಿಗೆ ‘ರಾಯಿದ್ ಎಲ್ಲಿ?’ ಎಂದು ಹೆಸರಿಟ್ಟಿದ್ದ. ಯುದ್ಧ ವರದಿಗಾರರು ಹೋಟೆಲಿನಿಂದ ಕಳಿಸುತ್ತಿದ್ದ ಸುದ್ದಿಯಲ್ಲಿ ಇಲ್ಲದ ಟೊಮೆಟೊ ಬೆಲೆ, ಕಿಟಕಿ ಗಾಜಿಗೆ ಟೇಪು ಅಂಟಿಸುವ ಕೆಲಸ ಅವನ ಬರಹದಲ್ಲಿ ಇರುತ್ತಿತ್ತು.

ನಮ್ಮಲ್ಲೂ ಒಂದು ಪ್ರಸಂಗ ನಡೆಯಿತು. 2006ರ ಜುಲೈನಲ್ಲಿ ಮುಂಬೈ ರೈಲು ಸ್ಫೋಟಗಳ ಬೆನ್ನಿಗೆ ಕೇಂದ್ರದ ದೂರಸಂಪರ್ಕ ಇಲಾಖೆ ಕೆಲವೇ ಪುಟಗಳನ್ನು ತಡೆಯಲು ಆದೇಶ ಕೊಟ್ಟಿತು. ಇಂಟರ್ನೆಟ್ ಕಂಪನಿಗಳು ಆ ಪುಟಗಳ ಜೊತೆ ಬ್ಲಾಗರ್‌ನ ಪುಟಗಳಿರುವ ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿ ಕೂತವು. ಬಿಸಿಬೇಳೆಬಾತು ಬರೆಯುವವರೂ ಕೆಲವು ದಿನ ತಮ್ಮ ಪುಟ ತಾವೇ ನೋಡಲಾಗದೆ ಪರದಾಡಿದರು.

ಇರಾನಿನ ಹುಸೇನ್ ದೆರಖ್ಷಾನ್ ಕತೆ ಇದಕ್ಕಿಂತ ಬಹಳ ಕಠೋರ. ಪರ್ಷಿಯನ್ ಭಾಷೆಯಲ್ಲಿ ಬ್ಲಾಗ್ ಮಾಡುವುದು ಹೇಗೆಂದು 2001ರಲ್ಲಿ ಬರೆದು ಅಲ್ಲಿ ದೊಡ್ಡ ಅಲೆ ಎಬ್ಬಿಸಿದವರು ಅವರು. 2008ರಲ್ಲಿ ಬಂಧನ, ಆಮೇಲೆ ಹತ್ತೊಂಬತ್ತೂವರೆ ವರ್ಷದ ಶಿಕ್ಷೆ. ಆರು ವರ್ಷ ಕಳೆದು 2014ರಲ್ಲಿ ಕ್ಷಮಾದಾನ ಸಿಕ್ಕಿ ಹೊರಬಂದಾಗ ಅವರಿಗೆ ಕಂಡ ಜಾಲವೇ ಬೇರೆಯಾಗಿತ್ತು. ಜನ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ಅಲೆಯುವುದನ್ನೇ ಬಿಟ್ಟಿದ್ದರು. ಎಲ್ಲರೂ ನಾಲ್ಕೈದು ಆ್ಯಪುಗಳೊಳಗೆ ಕೂತು ಎದುರಿಗೆ ಹರಿದು ಬಂದದ್ದನ್ನು ನೋಡುತ್ತಿದ್ದರು. 2015ರಲ್ಲಿ ಅವರು ಬರೆದ ಆ ಸಂಕಟದ ಲೇಖನ ಪ್ರಪಂಚದಾದ್ಯಂತ ಓದಿಸಿಕೊಂಡಿತು.

ಜನ ಎತ್ತ ಹೋದರು?

ದೆರಖ್ಷಾನ್ ಜೈಲಿನಲ್ಲಿದ್ದ ಆರು ವರ್ಷಗಳಲ್ಲಿ ಆದದ್ದೇನೆಂದರೆ, ಸ್ಮಾರ್ಟ್‌ಫೋನ್ ಮನೆಮನೆಗೆ ಬಂತು. ಪುಟ್ಟ ತೆರೆಯ ಮೇಲೆ ಉದ್ದ ಬರೆಯುವುದು ಕಷ್ಟ, ಎರಡು ಸಾಲಿಗೆ ಇಪ್ಪತ್ತು ಲೈಕು ಸಿಗುವುದು ಸುಲಭ. ಬ್ಲಾಗಿನಲ್ಲಿ ವಾರಗಟ್ಟಲೆ ಕಾದರೂ ಯಾರು ಓದಿದರೆಂದು ತಿಳಿಯದು, ಫೇಸ್‌ಬುಕ್ಕಿನಲ್ಲಿ ಕಾಫಿ ಕುಡಿಯುವಷ್ಟರಲ್ಲಿ ತಿಳಿಯುತ್ತದೆ. ಕನ್ನಡದ ಬಹಳಷ್ಟು ಒಳ್ಳೆಯ ಬ್ಲಾಗುಗಳಲ್ಲಿ ಕೊನೆಯ ಬರಹದ ತಾರೀಖು ಆ ವರ್ಷಗಳದ್ದೇ ಆಗಿರುವುದು ಕಾಕತಾಳೀಯವೇನಲ್ಲ.

ಓದುವ ದಾರಿಗೂ ಒಂದು ಪೆಟ್ಟು ಬಿತ್ತು. ಆರ್‌ಎಸ್‌ಎಸ್ ಎಂಬ ವ್ಯವಸ್ಥೆ 1999ರಿಂದಲೇ ಇತ್ತು. ನಮಗೆ ಇಷ್ಟವಾದ ಬ್ಲಾಗುಗಳ ಪಟ್ಟಿ ಕೊಟ್ಟಿಟ್ಟರೆ, ಪೇಪರ್ ಹುಡುಗ ಬೆಳಿಗ್ಗೆ ಬಾಗಿಲಿಗೆ ಹಾಕಿಹೋಗುವಂತೆ, ಹೊಸ ಬರಹಗಳನ್ನೆಲ್ಲ ಅದು ಒಂದೇ ಕಡೆ ತಂದು ಹಾಕುತ್ತದೆ. ಈ ಸೇವೆ ಕೊಡುತ್ತಿದ್ದ ಗೂಗಲ್ ರೀಡರ್ 2005ರಲ್ಲಿ ಹುಟ್ಟಿ ಬಹಳ ಜನರ ನಿತ್ಯದ ಚಟವಾಗಿತ್ತು. 2013ರ ಜುಲೈ 1ರಂದು ಗೂಗಲ್ ಅದನ್ನು ಮುಚ್ಚಿತು. ಬದಲಿ ಆ್ಯಪುಗಳು ಸಿಗುತ್ತಿದ್ದವು, ಆದರೆ ಹುಡುಕಿಕೊಂಡು ಹೋದವರು ಕಡಿಮೆ. ಪೇಪರ್ ನಿಂತುಹೋದರೆ ಓದುವ ಅಭ್ಯಾಸವೂ ನಿಲ್ಲುತ್ತದಲ್ಲ.

ಇತ್ತೀಚಿನ ಪೆಟ್ಟು ಇನ್ನೂ ಹೊಸದು. ಏನಾದರೂ ಹುಡುಕಿದರೆ ಹುಡುಕಾಟದ ಪುಟವೇ ಸಾರಾಂಶ ಮಾಡಿ ಉತ್ತರ ಕೊಟ್ಟುಬಿಡುತ್ತದೆ. ಹರಳುಪ್ಪೇ ಬೇಕು ಎಂಬ ಸಂಗತಿ ಅಲ್ಲೇ ಸಿಗುತ್ತದೆ, ಅದನ್ನು ಯಾರು ಯಾಕೆ ಬರೆದರು ಎಂಬುದಕ್ಕೆ ಆ ಪುಟದವರೆಗೆ ಹೋಗುವವರಿಲ್ಲ.

ಬರೆಯುತ್ತಲೇ ಇರುವವರು

ಆದರೂ ನಡೆಸುವವರು ನಡೆಸುತ್ತಲೇ ಇದ್ದಾರೆ. ಅಮೆರಿಕದ ಜೇಸನ್ ಕಾಟ್ಕೆ 1998ರಿಂದ ಬರೆಯುತ್ತಿದ್ದಾರೆ, ಆರ್‌ಎಸ್‌ಎಸ್ ರೂಪಿಸಿದವರಲ್ಲೊಬ್ಬರಾದ ಡೇವ್ ವೈನರ್ 1997ರಿಂದ. ಕನ್ನಡದಲ್ಲಿ ವಿಜ್ಞಾನ ಲೇಖಕ ಟಿ.ಜಿ. ಶ್ರೀನಿಧಿ ತಮ್ಮ ಲೇಖನಗಳಿಗೆಂದು ತೆರೆದ ಬ್ಲಾಗು ‘ಇಜ್ಞಾನ’ ಎಂಬ ತಾಣವಾಗಿ ಬೆಳೆದು, ಶಾಲೆಯ ಮಕ್ಕಳಿಗೂ ಶಿಕ್ಷಕರಿಗೂ ಕನ್ನಡದಲ್ಲಿ ವಿಜ್ಞಾನ ಸಿಗುವ ಜಾಗವಾಯಿತು. ಹಳೇ ಬ್ಲಾಗಿಗರಲ್ಲಿ ಹಲವರು ಇಂದು ಪುಸ್ತಕ ಪ್ರಕಟಿಸಿದ ಲೇಖಕರು, ಕೆಲವರು ಅಂಕಣಕಾರರು. ಅವರ ಮೊದಲ ಕರಡುಗಳು ಇನ್ನೂ ಬ್ಲಾಗ್‌ಸ್ಪಾಟಿನ ಮೂಲೆಯಲ್ಲಿ ಬಿದ್ದಿವೆ, ಲೇಖಕರಿಗೇ ಸ್ವಲ್ಪ ನಾಚಿಕೆ ತರುವಂತೆ.

ಸ್ವಂತ ತಾಣವೂ ಬೇಕು, ಫೇಸ್‌ಬುಕ್ಕೂ ಬೇಕು ಎನ್ನುವವರಿಗೆ ‘ಇಂಡೀವೆಬ್’ ಎಂಬ ಗುಂಪು 2011ರಿಂದ ಒಂದು ಸರಳ ಉಪಾಯ ಹೇಳುತ್ತ ಬಂದಿದೆ. ಮೊದಲು ನಿಮ್ಮ ಸ್ವಂತ ತಾಣದಲ್ಲಿ ಹಾಕಿ, ಆಮೇಲೆ ಅದರ ಕೊಂಡಿಯನ್ನೋ ನಕಲನ್ನೋ ಫೇಸ್‌ಬುಕ್, ಎಕ್ಸ್ ಎಲ್ಲಿಗೆ ಬೇಕೋ ಅಲ್ಲಿಗೆ ಕಳಿಸಿ. ಆ ಕಂಪನಿಗಳು ನಾಳೆ ಮುಚ್ಚಿದರೂ ಮೂಲ ನಿಮ್ಮ ಬಳಿಯೇ ಉಳಿಯುತ್ತದೆ. ನಮ್ಮ ಫೇಸ್‌ಬುಕ್ ಪ್ರಬಂಧಕಾರರು ಇದೊಂದನ್ನು ಪಾಲಿಸಿದರೂ ಕನ್ನಡಕ್ಕೆ ದೊಡ್ಡ ಉಪಕಾರ. ಕಳೆದ ಹತ್ತು ವರ್ಷಗಳ ಎಷ್ಟೋ ಒಳ್ಳೆಯ ಗದ್ಯ ಅಲ್ಲೇ ಹೂತುಹೋಗುತ್ತಿದೆ.

ಮುಚ್ಚುವ ಮಾತು ಹೆದರಿಸಲು ಹೇಳಿದ್ದಲ್ಲ. ಲಕ್ಷಾಂತರ ಜನ ಸ್ವಂತ ಪುಟ ಕಟ್ಟಿಕೊಂಡಿದ್ದ ಜಿಯೊಸಿಟೀಸ್ ತಾಣವನ್ನು ಯಾಹೂ 2009ರಲ್ಲಿ ಮುಚ್ಚಿತು. ಉಳಿದದ್ದು ‘ಇಂಟರ್ನೆಟ್ ಆರ್ಕೈವ್’ನಂಥವರು ಓಡಿಹೋಗಿ ನಕಲು ಮಾಡಿಕೊಂಡಷ್ಟು ಮಾತ್ರ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಎಂದು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಸ್ವಂತ ಡೊಮೈನ್ ಇದ್ದವರು ವರ್ಷದ ಬಾಡಿಗೆ ಕಟ್ಟಲು ಮರೆತರೆ ಆ ಹೆಸರನ್ನು ಇನ್ಯಾರೋ ಕೊಂಡು ಜೂಜಿನ ಜಾಹೀರಾತು ಹಾಕಿರುತ್ತಾರೆ.

ಆದ್ದರಿಂದ ಹಳೇ ಬ್ಲಾಗ್ ಇರುವವರು ಈ ಭಾನುವಾರ ಅರ್ಧ ಗಂಟೆ ಕೂತು ಒಂದು ಕೆಲಸ ಮಾಡಬಹುದು. ಪಾಸ್‌ವರ್ಡ್ ನೆನಪು ಮಾಡಿಕೊಂಡು ಒಳಗೆ ಹೋಗಿ. ಬ್ಲಾಗರ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಕೆಳಭಾಗದಲ್ಲಿ ಬ್ಯಾಕಪ್ ಎಂಬ ಆಯ್ಕೆ, ವರ್ಡ್‌ಪ್ರೆಸ್‌ನಲ್ಲಾದರೆ ಟೂಲ್ಸ್‌ನೊಳಗೆ ಎಕ್ಸ್‌ಪೋರ್ಟ್ ಇರುತ್ತದೆ. ಒತ್ತಿದರೆ ಬರಹಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಫೋಟೊಗಳನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು. ತೀರಾ ಬೇಕಾದ ಪುಟಗಳ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷಿನ್’ಗೆ ಕೊಟ್ಟರೆ ಅಲ್ಲೊಂದು ನಕಲು ಕೂರುತ್ತದೆ. ನಿಮ್ಮ ನಂತರ ಖಾತೆಯಲ್ಲಿರುವ ಮಾಹಿತಿ ಯಾರ ಕೈಗೆ ಹೋಗಬೇಕು ಎಂದು ಹೆಸರು ಸೂಚಿಸುವ ವ್ಯವಸ್ಥೆಯೂ ಗೂಗಲ್‌ನಲ್ಲಿ 2013ರಿಂದ ಇದೆ; ಅದನ್ನೂ ಅದೇ ಸಲಕ್ಕೆ ತುಂಬಿಬಿಡಿ.